ಡಿಶ್‌ವಾಷರ್ ಅರ್ಧಕ್ಕೇ ನಿಂತು ‘ಇ15’ ತೋರಿಸುತ್ತಿದೆಯೇ? ಮೆಕ್ಯಾನಿಕ್ ಕರೆಯುವ ಮುನ್ನ ಇಷ್ಟು ನೋಡಿ

ರಾತ್ರಿ ಪಾತ್ರೆ ತುಂಬಿಸಿ, ಬಟನ್ ಒತ್ತಿ ಮಲಗಿದ್ದೀರಿ. ಬೆಳಗ್ಗೆ ನೋಡಿದರೆ ಡಿಶ್‌ವಾಷರ್ ಅರ್ಧಕ್ಕೇ ನಿಂತಿದೆ, ಡಿಸ್‌ಪ್ಲೇ ಮೇಲೆ ಯಾವುದೋ ಕೋಡ್ ಮಿನುಗುತ್ತಿದೆ. ಫೋನ್ ಮಾಡಿದರೆ ‘ಸೆನ್ಸರ್ ಹೋಗಿರಬೇಕು’ ಎನ್ನುತ್ತಾರೆ. ಆದರೆ ಎಷ್ಟೋ ಸಲ ಸೆನ್ಸರ್ ಕೆಟ್ಟಿರುವುದೇ ಇಲ್ಲ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿ, ಬೇರೆಲ್ಲೋ ಆಗಿರುವ ತೊಂದರೆಯನ್ನು ತಿಳಿಸುತ್ತಿರುತ್ತದೆ. ಹೊಸ ಸೆನ್ಸರ್‌ಗೆ ಹಣ ಕೊಡುವ ಮೊದಲು ಮನೆಯಲ್ಲೇ ನೋಡಬಹುದಾದ ಕೆಲವು ಸಂಗತಿಗಳಿವೆ.

ಮೊದಲು ಕೋಡ್‌ನ ಫೋಟೊ ತೆಗೆದುಕೊಳ್ಳಿ, ಕರೆಂಟ್ ಆಫ್ ಮಾಡಿದರೆ ಅದು ಅಳಿಸಿಹೋಗಬಹುದು. ನಂತರ ಯಂತ್ರಕ್ಕೆ ನೀರು ಬರುವ ನಲ್ಲಿ ಬಂದ್ ಮಾಡಿ, ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ನೆಲ ಒದ್ದೆಯಾಗಿದ್ದರೆ ಪ್ಲಗ್ ಮುಟ್ಟಲೇಬೇಡಿ, ಆ ಲೈನಿನ ಎಂಸಿಬಿಯನ್ನೇ ಇಳಿಸಿ. ಹತ್ತು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ ನೋಡಿ. ಕೆಲವೊಮ್ಮೆ ಇಷ್ಟಕ್ಕೇ ಸರಿಹೋಗುತ್ತದೆ. ಅದೇ ಕೋಡ್ ಮತ್ತೆ ಬಂದರೆ ಮುಂದೆ ಓದಿ.

ಇ15: ತಳದಲ್ಲಿ ನೀರು

ಬಾಷ್ ಮತ್ತು ಸೀಮೆನ್ಸ್ ಯಂತ್ರಗಳಲ್ಲಿ ಇ15 ಬಂದರೆ ಯಂತ್ರದ ಕೆಳಗಿನ ಟ್ರೇಗೆ ನೀರು ಇಳಿದಿದೆ ಎಂದರ್ಥ. ಅಲ್ಲಿ ಥರ್ಮೋಕೋಲ್‌ನಂಥ ಹಗುರವಾದ ಒಂದು ತುಣುಕು ಇರುತ್ತದೆ. ನೀರು ಸೇರಿದರೆ ಅದು ತೇಲಿ ಮೇಲೇರಿ ಸ್ವಿಚ್ ಒತ್ತುತ್ತದೆ, ತಕ್ಷಣ ಯಂತ್ರ ನೀರು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಇದನ್ನು ಶಾಪ ಹಾಕಬೇಡಿ. ಫ್ಲ್ಯಾಟಿನಲ್ಲಿದ್ದರೆ ಕೆಳಗಿನ ಮನೆಯವರ ಸೀಲಿಂಗ್ ಉಳಿಸುವುದು ಇದೇ ಸ್ವಿಚ್.

ಪೈಪ್ ಒಡೆಯದೆಯೂ ನೀರು ಅಲ್ಲಿಗೆ ಹೋಗಬಹುದು. ಡಿಶ್‌ವಾಷರ್ ಪುಡಿ ಮುಗಿದಿದೆ ಎಂದು ಸಿಂಕ್ ಬಳಿಯ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ನೊರೆ ಉಕ್ಕಿ ಕೆಳಗೆ ಸೋರುತ್ತದೆ. ಇನ್ನೊಂದು ಕಾರಣ ಮನೆ ಬದಲಾವಣೆ. ಪುಣೆಯಿಂದ ಹೈದರಾಬಾದಿಗೆ ಸಾಮಾನು ಸಾಗಿಸುವಾಗ ಯಂತ್ರವನ್ನು ವಾಲಿಸಿಟ್ಟಿದ್ದರೆ ಒಳಗೆ ಉಳಿದಿದ್ದ ನೀರು ಟ್ರೇಗೆ ಇಳಿದಿರುತ್ತದೆ. ಹೊಸ ಮನೆಯಲ್ಲಿ ಮೊದಲ ದಿನವೇ ಇ15! ಪ್ಲಗ್ ತೆಗೆದು, ಕೆಳಗೆ ದಪ್ಪ ಟವೆಲ್ ಹಾಸಿ, ಇಬ್ಬರು ಸೇರಿ ಯಂತ್ರವನ್ನು ನಿಧಾನವಾಗಿ ಸ್ವಲ್ಪ ವಾಲಿಸಿದರೆ ನೀರು ಹೊರಬರುತ್ತದೆ. ಒಬ್ಬರೇ ಈ ಸಾಹಸಕ್ಕೆ ಹೋಗಬೇಡಿ. ಕಟ್ಟೆಯ ಕೆಳಗೆ ಜೋಡಿಸಿದ ಯಂತ್ರವಾದರೆ ಒಂದೆರಡು ದಿನ ಒಣಗಲು ಬಿಡುವುದೇ ಮೇಲು. ಒಣಗಿದ ಮೇಲೂ ಕೋಡ್ ಮರಳಿದರೆ ನಿಜವಾಗಿಯೂ ಎಲ್ಲೋ ಸೋರುತ್ತಿದೆ, ಮೆಕ್ಯಾನಿಕ್ ಬರಲೇಬೇಕು.

ನೀರು ಬರುತ್ತಿಲ್ಲ, ಹೋಗುತ್ತಿಲ್ಲ

ಬಾಷ್‌ನಲ್ಲಿ ಇ18, ಎಲ್‌ಜಿಯಲ್ಲಿ ‘ಐಇ’ ಬಂದರೆ ಒಳಗೆ ಸಾಕಷ್ಟು ನೀರು ಬರುತ್ತಿಲ್ಲ ಎಂದರ್ಥ. ಇದರಲ್ಲಿ ನಮ್ಮ ಅಪಾರ್ಟ್‌ಮೆಂಟ್‌ಗಳ ಪಾತ್ರ ದೊಡ್ಡದು. ಸಾಮಾನ್ಯವಾಗಿ ಈ ಯಂತ್ರಗಳಿಗೆ ಕನಿಷ್ಠ 0.5 ಬಾರ್ ಒತ್ತಡ ಬೇಕು, ಅಂದರೆ ನೀರಿನ ಮಟ್ಟ ಯಂತ್ರಕ್ಕಿಂತ ಸುಮಾರು 5 ಮೀಟರ್ ಎತ್ತರದಲ್ಲಿರಬೇಕು. ಪ್ರೆಷರ್ ಪಂಪ್ ಇಲ್ಲದ ಕಟ್ಟಡದಲ್ಲಿ, ಟ್ಯಾಂಕಿನ ನೇರ ಕೆಳಗಿನ ಮೇಲಂತಸ್ತಿನ ಮನೆಗೆ ಅಷ್ಟು ಸಿಗುವುದು ಕಷ್ಟ. ಅಲ್ಲಿ ಸೆನ್ಸರ್ ಬದಲಿಸಿ ಏನೂ ಪ್ರಯೋಜನವಿಲ್ಲ. ಪೈಪ್ ಬಿಚ್ಚಿ ನಲ್ಲಿಯ ಕೆಳಗೆ ಬಕೆಟ್ ಹಿಡಿಯಿರಿ. ನಿಮಿಷಕ್ಕೆ 10 ಲೀಟರಿನಷ್ಟು ತುಂಬಿದರೆ ಚಿಂತೆಯಿಲ್ಲ.

ಪೈಪ್ ಬಿಚ್ಚಿದ್ದೀರಲ್ಲ, ಅದರ ತುದಿಯಲ್ಲಿರುವ ಸಣ್ಣ ಜಾಲರಿಯನ್ನೂ ನೋಡಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮರಳು ಅಲ್ಲಿಯೇ ಕಟ್ಟಿಕೊಳ್ಳುತ್ತದೆ. ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆದರೆ ಸಾಕು.

ಇ24, ಇ25 ಅಥವಾ ಎಲ್‌ಜಿಯ ‘ಓಇ’ ಬಂದರೆ ಕೊಳೆ ನೀರು ಹೊರಹೋಗುತ್ತಿಲ್ಲ. ಹಿಂದಿನ ಡ್ರೈನ್ ಪೈಪ್ ಮಡಿಚಿಕೊಂಡಿದೆಯೇ, ಸಿಂಕ್ ಕೆಳಗಿನ ಜೋಡಣೆ ಕಟ್ಟಿಕೊಂಡಿದೆಯೇ ನೋಡಿ. ನಂತರ ಒಳಗಿನ ಫಿಲ್ಟರ್ ತಿರುಗಿಸಿ ತೆಗೆಯಿರಿ. ಕರಿಬೇವು, ಸಾಸಿವೆ, ಹುಣಸೆ ನಾರು, ನಿಂಬೆ ಬೀಜ ಎಲ್ಲವೂ ಅಲ್ಲಿ ಸಿಗುತ್ತವೆ. ಉಳಿದ ನೀರನ್ನು ಸ್ಪಂಜಿನಿಂದ ಹೀರಿ ತೆಗೆದರೆ ಪಂಪಿನ ಮುಚ್ಚಳ ಕಾಣುತ್ತದೆ. ಬಾಷ್ ಯಂತ್ರಗಳಲ್ಲಿ ಅದನ್ನು ಚಮಚದ ಹಿಡಿಯಿಂದ ಮೀಟಿ ತೆಗೆಯಬಹುದು. ಒಡೆದ ಗಾಜಿನ ಚೂರು ಇರಬಹುದು, ಬರಿಗೈ ಹಾಕಬೇಡಿ. ವಾಪಸ್ ಇಡುವಾಗ ಮುಚ್ಚಳ ‘ಟಕ್’ ಎಂದು ಕೂರಬೇಕು. ಸಡಿಲವಾಗಿದ್ದರೂ ಕೋಡ್ ಬರುತ್ತದೆ.

ಗಡಸು ನೀರಿನ ಬಿಳಿ ಪದರ

ಕೆಲವು ಮಾಡೆಲ್‌ಗಳಲ್ಲಿ ನೀರಿನ ಕೊಳೆಯನ್ನು ಬೆಳಕಿನ ಮೂಲಕ ಅಳೆಯುವ ಸೆನ್ಸರ್ ಇರುತ್ತದೆ. ‘ಆಟೊ’ ಪ್ರೋಗ್ರಾಂ ಎಷ್ಟು ಹೊತ್ತು ತೊಳೆಯಬೇಕೆಂದು ತೀರ್ಮಾನಿಸುವುದು ಇದರ ಆಧಾರದಲ್ಲಿ. ಚೆನ್ನೈ, ಹೈದರಾಬಾದ್‌ಗಳ ಬೋರ್‌ವೆಲ್ ನೀರಿನ ಸುಣ್ಣ ಇದರ ಮೇಲೆ ಕೂತರೆ ಲೆಕ್ಕ ತಪ್ಪುತ್ತದೆ, ಶುದ್ಧ ನೀರೂ ಕೊಳೆಯಂತೆ ಕಾಣಿಸಿ ಸಮಯ ಎಳೆಯುತ್ತದೆ. ಡಿಶ್‌ವಾಷರ್ ಕ್ಲೀನರ್ ಹಾಕಿ, ಪಾತ್ರೆಯಿಲ್ಲದೆ ಅತಿ ಬಿಸಿಯ ಪ್ರೋಗ್ರಾಂ ಒಮ್ಮೆ ಓಡಿಸಿ. ವಿನೆಗರ್ ಪದೇ ಪದೇ ಬಳಸಿದರೆ ರಬ್ಬರ್ ಭಾಗಗಳು ಹಾಳಾಗುತ್ತವೆ. ಸಾಲ್ಟ್ ಡಬ್ಬಿಗೆ ಡಿಶ್‌ವಾಷರ್ ಸಾಲ್ಟ್ ಮಾತ್ರ ಹಾಕಿ, ಅಡುಗೆಯ ಅಯೋಡಿನ್ ಉಪ್ಪು ಬೇಡ. ಅಪ್ಪಿತಪ್ಪಿಯೂ ಡಿಟರ್ಜೆಂಟ್ ಬೀಳಬಾರದು, ಸಾಫ್ಟ್‌ನರ್ ಕೆಡುತ್ತದೆ. ಸಾಲ್ಟ್ ತುಂಬಿದ ಮೇಲೂ ದೀಪ ಉರಿಯುತ್ತಿದ್ದರೆ ಗಾಬರಿ ಬೇಡ, ಕರಗಲು ಒಂದೆರಡು ವಾಷ್ ಬೇಕಾಗಬಹುದು.

ಸೆನ್ಸರೇ ಕೆಟ್ಟಿದ್ದರೆ?

ಪಾತ್ರೆಗಳ ಜಿಡ್ಡು ಹೋಗದೆ, ಒಳಗೆ ತಣ್ಣಗೇ ಇದ್ದರೆ ಹೀಟರ್ ಅಥವಾ ತಾಪಮಾನದ ಸೆನ್ಸರ್ ಮೇಲೆ ಅನುಮಾನ ಪಡಬಹುದು. ಬಾಷ್‌ನ ಇ09 ಹೀಟರ್‌ಗೆ ಸಂಬಂಧಿಸಿದ್ದು. ತಾಪಮಾನದ ಸೆನ್ಸರಿನ ರೆಸಿಸ್ಟೆನ್ಸ್ ಬಿಸಿ ಏರಿದಂತೆ ಇಳಿಯುತ್ತದೆ. 25 ಡಿಗ್ರಿಯಲ್ಲಿ 10,000 ಓಮ್ ಇರುವ ಬಗೆಯಾದರೆ 30 ಡಿಗ್ರಿಯಲ್ಲಿ 8,000 ಓಮ್ ಆಸುಪಾಸು ಇರುತ್ತದೆ. ಮಲ್ಟಿಮೀಟರ್ ಸೊನ್ನೆ ತೋರಿಸಿದರೆ ಅಥವಾ ಏನೂ ತೋರಿಸದಿದ್ದರೆ ಸೆನ್ಸರ್ ಹೋಗಿದೆ. ಆದರೆ ಇದಕ್ಕೆ ಯಂತ್ರದ ಕವಚ ಬಿಚ್ಚಬೇಕು. ವಾರಂಟಿ ಇರುವವರು, ವಿದ್ಯುತ್ ಕೆಲಸ ಗೊತ್ತಿಲ್ಲದವರು ಇದನ್ನು ಮೆಕ್ಯಾನಿಕ್‌ಗೇ ಬಿಡಿ. ಅವರ ಮೀಟರಿನಲ್ಲಿ ಎಷ್ಟು ಬಂತು ಎಂದು ಕೇಳುವ ಹಕ್ಕು ನಿಮಗಿದೆ.

ಕರೆ ಮಾಡುವಾಗ ಬಾಗಿಲಿನ ಅಂಚಿನಲ್ಲಿರುವ ಮಾಡೆಲ್ ನಂಬರ್, ಕೋಡ್‌ನ ಫೋಟೊ ಮತ್ತು ನೀವು ಈಗಾಗಲೇ ಏನೇನು ನೋಡಿದ್ದೀರಿ ಎಂಬ ವಿವರ ಕೈಯಲ್ಲಿರಲಿ. ಭಾಗ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ, ಬಿಲ್‌ನಲ್ಲಿ ಹೊಸ ಭಾಗದ ನಂಬರ್ ಬರೆಸಿಕೊಳ್ಳಿ.