ಹಳೆಯ ಕಾರಿನ ವೈರಿಂಗ್‌ಗೆ ಮನೆಯ ಕರೆಂಟ್ ಟೇಪ್ ಸುತ್ತಿದರೆ ಸಾಕೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಅಂಬಾಸಿಡರ್, ಪದ್ಮಿನಿ ಕಾರುಗಳನ್ನು ಜೋಪಾನ ಮಾಡಿದವರು ಇದ್ದಾರೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಂತೂ ಹಳೆಯ ಕಾರುಗಳದ್ದೇ ಒಂದು ಸಂಗ್ರಹಾಲಯವಿದೆ. ಇಂಥ ಕಾರಿನ ವೈರ್‌ಗಳ ಕಟ್ಟು, ಅಂದರೆ ಹಾರ್ನೆಸ್, ಬಿಚ್ಚಿಕೊಂಡರೆ “ಕರೆಂಟ್ ಟೇಪ್ ತಂದು ಗಟ್ಟಿಯಾಗಿ ಸುತ್ತಿ, ಸಾಕು” ಎನ್ನುವವರೇ ಹೆಚ್ಚು. ಇದು ಸರಿಯೇ? ನೋಡೋಣ.

ಸಮಸ್ಯೆ ಎಲ್ಲಿದೆ?

ಮನೆಯ ವೈರಿಂಗ್‌ಗೆ ಬಳಸುವ ಸಾಮಾನ್ಯ ಪಿವಿಸಿ ಟೇಪ್ ತಾಳುವುದು ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು. ಇಂಜಿನ್ ಪಕ್ಕದಲ್ಲಿ ಬಿಸಿ ಅದನ್ನೂ ಮೀರಬಹುದು. ಆಗ ಅಂಟು ಮೆತ್ತಗಾಗಿ ಹೊರಗೆ ಜಿನುಗುತ್ತದೆ, ಟೇಪಿನ ತುದಿ ಬಿಟ್ಟುಕೊಳ್ಳುತ್ತದೆ, ಧೂಳು ಮೆತ್ತಿಕೊಳ್ಳುತ್ತದೆ. ಮುಂದೆ ರಿಪೇರಿಗೆ ಬಿಚ್ಚಿದರೆ ಕೈಗೆಲ್ಲಾ ಜಿಗುಟು.

ಯಾವ ಜಾಗಕ್ಕೆ ಯಾವ ಟೇಪ್?

• ಸಾಮಾನ್ಯ ಜಾಗಕ್ಕೆ: ಅಂಟಿಲ್ಲದ ಪಿವಿಸಿ ಹಾರ್ನೆಸ್ ಟೇಪ್. ಹಳೆಯ ಬ್ರಿಟಿಷ್ ಮಾದರಿಯ ಕಾರುಗಳಿಗೆ ಇದೇ ಹೊಂದುತ್ತದೆ. ಅಂಬಾಸಿಡರ್ ಕೂಡ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಬಂದದ್ದು. ತುದಿಗಳಿಗೆ ಮಾತ್ರ ಅಂಟಿನ ಟೇಪ್ ಸಾಕು.
• ಇಂಜಿನ್ ಹತ್ತಿರ: ಪಾಲಿಯೆಸ್ಟರ್ ಬಟ್ಟೆ ಟೇಪ್. 125 ಡಿಗ್ರಿ ತಾಳುವ ವಿಧಗಳು ಸಿಗುತ್ತವೆ.
• ಡ್ಯಾಶ್‌ಬೋರ್ಡ್ ಒಳಗೆ: ಮೆತ್ತನೆಯ ಫ್ಲೀಸ್ ಟೇಪ್. ವೈರ್ ತಾಗಿ ಗಡಗಡ ಸದ್ದಾಗುವುದಿಲ್ಲ.
• ಹತ್ತಿಬಟ್ಟೆಯ ಟೇಪ್ ನೀರು ಹೀರುತ್ತದೆ. ನಮ್ಮ ಮಳೆಗಾಲಕ್ಕೆ ಅದು ಬೇಡ.

ಸುತ್ತುವುದು ಹೇಗೆ?

ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಿರಿ. ಪ್ರತಿ ಸುತ್ತೂ ಹಿಂದಿನದರ ಅರ್ಧ ಭಾಗವನ್ನು ಮುಚ್ಚಲಿ. ಮೇಲೇರುವ ವೈರ್‌ಗೆ ಕೆಳಗಿನಿಂದ ಮೇಲಕ್ಕೆ ಸುತ್ತಿ. ಮಾಡಿಗೆ ಹಂಚು ಹೊದಿಸುವ ಕ್ರಮವೂ ಇದೇ ಅಲ್ಲವೇ? ಆಗ ನೀರು ಒಳಗೆ ಇಳಿಯದೆ ಜಾರಿಹೋಗುತ್ತದೆ.

“ದಪ್ಪ ಸುತ್ತಿದಷ್ಟೂ ಸುರಕ್ಷಿತ” ಎಂಬುದೂ ತಪ್ಪು. ಪದರ ಹೆಚ್ಚಾದಷ್ಟೂ ವೈರಿನ ಬಿಸಿ ಹೊರಹೋಗುವುದು ಕಷ್ಟ.

ನೆನಪಿಡಿ

ಹಾರ್ನೆಸ್ ಟೇಪಿನ ಕೆಲಸ ವೈರ್‌ಗಳನ್ನು ಒಟ್ಟಾಗಿ ಹಿಡಿದು, ಉಜ್ಜದಂತೆ ಕಾಯುವುದು. ಮೇಲುಹೊದಿಕೆ ಸುಟ್ಟ, ಬಿರುಕುಬಿಟ್ಟ ವೈರ್ ಅನ್ನು ಅದು ಸರಿಮಾಡದು, ಮರೆಮಾಡುತ್ತದೆ ಅಷ್ಟೇ. ಅಂಥ ವೈರ್ ಕಾರಿನ ಬಾಡಿಗೆ ತಾಗಿದರೆ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ಹಳೆಯ ಕಾರುಗಳಲ್ಲಿ ಫ್ಯೂಸ್‌ಗಳೂ ಕಡಿಮೆ. ಆದ್ದರಿಂದ ಟೇಪ್ ಸುತ್ತುವ ಮೊದಲು ಪ್ರತಿ ವೈರನ್ನೂ ನೋಡಿ. ಕೆಟ್ಟಿದ್ದರೆ ಬದಲಾಯಿಸಿ, ಆಮೇಲೆ ಸುತ್ತಿ.