ಸಹಚಿಕಿತ್ಸೆ: ಎಡಿಎಚ್‌ಡಿ ಔಷಧ
ಗಮನದ ಕೊರತೆ, ಅತಿಚಟುವಟಿಕೆಗಳ ಎಡಿಎಚ್‌ಡಿಯಲ್ಲಿ ರೋಗನಿರ್ಣಯವನ್ನೂ ಔಷಧದ ಪ್ರಮಾಣನಿಶ್ಚಯವನ್ನೂ ಮನೋವೈದ್ಯರು ವಹಿಸಿಕೊಂಡು, ಪ್ರಮಾಣವು ಸ್ಥಿರಗೊಂಡ ತರುವಾಯ ನಾಡಿ, ರಕ್ತದೊತ್ತಡ, ಎತ್ತರ, ತೂಕ, ಹಸಿವು, ನಿದ್ರೆಗಳ ನಿಯತ ಪರೀಕ್ಷೆಯನ್ನು ಕುಟುಂಬವೈದ್ಯರಿಗೆ ಒಪ್ಪಿಸುವ ಪದ್ಧತಿ. ಇದರ ತೊಡಕು ವೈದ್ಯಶಾಸ್ತ್ರದ್ದಕ್ಕಿಂತ ಕಾನೂನಿನದೇ ಹೆಚ್ಚು: ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಭಾರತದಲ್ಲಿ ಔಷಧ ನಿಯಮಗಳ ‘ಎಕ್ಸ್’ ಅನುಸೂಚಿಗೆ ಸೇರಿರುವುದರಿಂದ ಔಷಧಚೀಟಿಯನ್ನು ಎರಡು ಪ್ರತಿಗಳಲ್ಲಿ ಬರೆಯಬೇಕು, ಒಂದನ್ನು ಔಷಧದಂಗಡಿಯವರು 2 ವರ್ಷ ಕಾಪಿಡಬೇಕು, ಇದಕ್ಕೇ ಕೊಡುವ ಇನ್ನೊಂದು ಔಷಧ ಅಟಮಾಕ್ಸಿಟೀನಿಗೆ ಈ ಕಟ್ಟಳೆಯಿಲ್ಲ. ಆದರೂ ಈ ಪದ್ಧತಿ ಬೇಕಾದುದೇ: ಬೆಂಗಳೂರಿನ ಮತ್ತಿಕೆರೆಯಿಂದ ಮಗುವನ್ನು ಕರೆದುಕೊಂಡು ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸಿಗೆ ಪ್ರತಿ ಸಲವೂ ಹೋಗಿಬರುವ ಪ್ರಯಾಸವನ್ನು ಬಸ್ಸು ಹಿಡಿದವರೇ ಬಲ್ಲರು. ತೂಕ, ನಾಡಿಗಳನ್ನು ನೋಡುವುದಕ್ಕೆ ಬಡಾವಣೆಯ ಡಾಕ್ಟರೇ ಸಾಕು. ಈ ಆಲೋಚನೆ ಹೊಸತಲ್ಲ: ಸಾಮಾನ್ಯ ವೈದ್ಯರಿಗೆ ಮನೋರೋಗಗಳ ಆರೈಕೆಯನ್ನು ಕಲಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿಯೇ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತ್ತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.