ವೇಗದ ಮಿತಿ ಮತ್ತು ಎಣ್ಣೆಯ ಲೆಕ್ಕ

ಹಾನಗಲ್ಲ ತಾಲೂಕಿನ ಆಡೂರು ಬಹು ಹಳೆಯ ಊರು. ಬಾದಾಮಿಯ ಚಾಲುಕ್ಯ ಕೀರ್ತಿವರ್ಮನ ಹೆಸರು ಹೊತ್ತ ಶಾಸನ ಅಲ್ಲಿ ದೊರೆತಿದೆ. ಆ ಶಾಸನವನ್ನು ಕಲ್ಲಿಗೆ ಬರೆಯಿಸಿದಂದಿನಿಂದ ಸಾವಿರಕ್ಕೂ ಹೆಚ್ಚು ವರ್ಷ, ಆ ಸೀಮೆಯ ಕಾಳುಕಡಿ ಸಂತೆಗೆ ಹೋದದ್ದು ಚಕ್ಕಡಿಯಲ್ಲಿ, ಎತ್ತಿನ ನಡಿಗೆಯಲ್ಲಿ. ಗಂಟೆಗೆ ಮೂರೋ ನಾಲ್ಕೋ ಕಿಲೋಮೀಟರ್ ಅದರ ವೇಗ. ಎತ್ತಿಗೆ ಬೇಕಾದ ಹುಲ್ಲು ಅದೇ ಹೊಲದಲ್ಲಿ ಬೆಳೆಯುತ್ತಿತ್ತು. ಅದಕ್ಕಾಗಿ ಹಡಗಿನ ದಾರಿ ಕಾಯುವ ಪ್ರಸಂಗವಿರಲಿಲ್ಲ.

ಇಂದು ಆಡೂರಿಗೆ ಪೂರ್ವದಲ್ಲಿ, ಶಿಗ್ಗಾಂವಿ, ಬಂಕಾಪುರ, ಹಾವೇರಿಗಳ ಸೀಮೆಯನ್ನು ಸೀಳಿಕೊಂಡು ಪುಣೆ–ಬೆಂಗಳೂರು ಹೆದ್ದಾರಿ ಸಾಗಿದೆ. ಹಿಂದೆ ಅದಕ್ಕೆ ನಾಲ್ಕನೆಯ ನಂಬರು; 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟ ಮೇಲೆ ಅದು 48 ಆಯಿತು. ಬ್ಯಾಡಗಿಯ ಮೆಣಸಿನಕಾಯಿ, ಹಾನಗಲ್ಲಿನ ಮಾವು, ಸವಣೂರಿನ ಎಲೆ ಈ ದಾರಿಯಲ್ಲಿ ಲಾರಿಯೇರಿ ಹೋಗುತ್ತವೆ. ಆ ಲಾರಿ ಕುಡಿಯುವ ಎಣ್ಣೆ ಮಾತ್ರ ನಮ್ಮ ಹೊಲದ್ದಲ್ಲ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರನಾಡಿನಿಂದ ಬರತಕ್ಕದ್ದು. ಆದ್ದರಿಂದ ಎಣ್ಣೆಯ ಬೆಲೆ ಏರಿದಾಗಲೆಲ್ಲ ಒಂದು ಪ್ರಶ್ನೆ ತಲೆಯೆತ್ತುತ್ತದೆ: ಹೆದ್ದಾರಿಯ ವೇಗದ ಮಿತಿಯನ್ನು ಇಳಿಸಿದರೆ ಇಂಧನ ಉಳಿಯಲಾರದೇ?

ಮೊದಲು ವಿಜ್ಞಾನ ಹೇಳುವುದನ್ನು ಕೇಳೋಣ. ಆಷಾಢದ ಗಾಳಿಗೆ ಎದುರಾಗಿ ಸೈಕಲ್ಲು ತುಳಿದವರಿಗೆ ಇದರ ಮರ್ಮ ತಾನಾಗಿ ತಿಳಿದಿದೆ. ಓಡುವ ವಾಹನಕ್ಕೆ ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 100 ಕಿಲೋಮೀಟರ್ ಓಡುವ ಕಾರು 80ಕ್ಕೆ ಇಳಿದರೆ ವೇಗ ಕಡಿಮೆಯಾದದ್ದು ಐದರಲ್ಲಿ ಒಂದು ಪಾಲು. ಗಾಳಿಯ ತಡೆ ಕಡಿಮೆಯಾದದ್ದು ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು. ಎಣ್ಣೆಯ ಉಳಿತಾಯ ಅಷ್ಟೇ ಆಗುವುದಿಲ್ಲ. ಚಕ್ರದ ಉಜ್ಜಾಟ, ಯಂತ್ರದ ಒಳಗಿನ ನಷ್ಟ ಇವೆಲ್ಲ ಬೇರೆ ಇವೆ. ಆದರೂ ಉಳಿತಾಯ ನಿಜ. ನಮ್ಮಲ್ಲಿ 1978ರಲ್ಲಿ ಹುಟ್ಟಿದ ಪೆಟ್ರೋಲಿಯಂ ಸಂರಕ್ಷಣ ಸಂಶೋಧನಾ ಸಂಘವು ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಗಾಡಿ ಓಡಿಸಿರೆಂದು ಬೋಧಿಸುತ್ತ ಬಂದದ್ದು ಈ ಕಾರಣದಿಂದಲೇ.

ಒಂದು ವಾಹನದ ಮಟ್ಟಿಗೆ ಸತ್ಯವಾದದ್ದು ಒಂದು ದೇಶದ ಮಟ್ಟಿಗೆ ಎಷ್ಟು ಸತ್ಯ? ಇದಕ್ಕೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕಬೇಕು.

ವೇಗಕ್ಕೆ ಮಿತಿ ಹಾಕಿದ ಆರಂಭದ ಶಾಸನಗಳಲ್ಲಿ ಇಂಧನದ ಮಾತೇ ಇರಲಿಲ್ಲ. ಇಂಗ್ಲೆಂಡಿನ 1865ರ ಕಾಯಿದೆ ಉಗಿಗಾಡಿಗಳಿಗೆ ಊರ ಹೊರಗೆ ಗಂಟೆಗೆ ನಾಲ್ಕು ಮೈಲಿ, ಊರೊಳಗೆ ಎರಡು ಮೈಲಿ ಎಂದು ಗೊತ್ತುಮಾಡಿ, ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯತಕ್ಕದ್ದೆಂದು ವಿಧಿಸಿತು. ನಮ್ಮ ಚಕ್ಕಡಿಯ ವೇಗಕ್ಕಿಂತ ಅದೇನು ದೊಡ್ಡದಲ್ಲ. ಅಲ್ಲಿದ್ದದ್ದು ಪ್ರಾಣಭಯ, ಕುದುರೆಗಳು ಬೆದರುವ ಭಯ.

ಮಿತವ್ಯಯದ ಕಾರಣ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. 1942ರಲ್ಲಿ ಅಮೆರಿಕ ಗಂಟೆಗೆ 35 ಮೈಲಿಯ ಮಿತಿ ಹಾಕಿತು. ಅಲ್ಲಿಯೂ ಮುಖ್ಯ ಚಿಂತೆ ಎಣ್ಣೆಯದಲ್ಲ, ರಬ್ಬರಿನದು. ಮಲಯ ದೇಶ ಜಪಾನೀಯರ ಕೈಸೇರಿದ ಮೇಲೆ ಟಯರುಗಳನ್ನು ಉಳಿಸಿಕೊಳ್ಳಬೇಕಾಗಿತ್ತು. ನಮ್ಮ ದೇಶದಲ್ಲಿ ಆಗ ಪೆಟ್ರೋಲಿಗೆ ರೇಷನ್ ಬಂದು, ಇದ್ದಿಲಿನ ಅನಿಲದಿಂದ ಏದುಸಿರು ಬಿಡುತ್ತ ಓಡುವ ಬಸ್ಸುಗಳು ಕಾಣಿಸಿಕೊಂಡವು. ಅವುಗಳಿಗೆ ವೇಗದ ಮಿತಿಯನ್ನು ಸರಕಾರ ಹಾಕಬೇಕಾಗಿರಲಿಲ್ಲ, ಇದ್ದಿಲೇ ಹಾಕುತ್ತಿತ್ತು.

ಎಣ್ಣೆಗಾಗಿಯೇ ಹುಟ್ಟಿದ ವೇಗಮಿತಿಯ ದೊಡ್ಡ ಪ್ರಯೋಗ ನಡೆದದ್ದು 1973ರ ಅರಬ್–ಇಸ್ರೇಲ್ ಯುದ್ಧದ ಬೆನ್ನಿಗೆ. ಕೆಲವೇ ತಿಂಗಳಲ್ಲಿ ಪೀಪಾಯಿಗೆ ಸುಮಾರು 3 ಡಾಲರಿದ್ದ ತೈಲ 12 ಡಾಲರಿನ ಹತ್ತಿರ ಹೋಯಿತು. ದಿಲ್ಲಿಯಲ್ಲಿ ಆ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಪೆಟ್ರೋಲ್ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಪಶ್ಚಿಮ ಜರ್ಮನಿಯಲ್ಲಿ ಕೆಲವು ಭಾನುವಾರ ಕಾರುಗಳ ಓಡಾಟವನ್ನೇ ನಿಲ್ಲಿಸಿ, ಮಿತಿಯಿಲ್ಲದ ಹೆದ್ದಾರಿಗಳಿಗೆ 100 ಕಿಲೋಮೀಟರಿನ ಮಿತಿ ಹಾಕಿದರು. ಅಮೆರಿಕದಲ್ಲಿ 1974ರ ಜನವರಿ 2ರಂದು ಅಧ್ಯಕ್ಷ ನಿಕ್ಸನ್ ಸಹಿ ಮಾಡಿದ ಕಾಯಿದೆ ಇಡೀ ದೇಶಕ್ಕೆ ಗಂಟೆಗೆ 55 ಮೈಲಿ, ಎಂದರೆ ಸುಮಾರು 88 ಕಿಲೋಮೀಟರ್, ಎಂದು ಗೊತ್ತುಮಾಡಿತು.

ಫಲವೇನು? ಎಣ್ಣೆಯ ಉಳಿತಾಯ ಆಯಿತು, ಆದರೆ ಹೇಳಿದಷ್ಟಲ್ಲ. ಅಮೆರಿಕದ ಅಂದಾಜುಗಳು ರಸ್ತೆಸಾರಿಗೆಯ ಒಟ್ಟು ಇಂಧನದಲ್ಲಿ ನೂರಕ್ಕೆ ಒಂದೆರಡರ ಆಸುಪಾಸಿನಲ್ಲಿಯೇ ಸುಳಿದಾಡಿವೆ. ಇದು ಹೀಗೇಕೆಂಬುದು ಸ್ಪಷ್ಟ. ದೇಶದ ವಾಹನಗಳೆಲ್ಲ ಹೆದ್ದಾರಿಯಲ್ಲಿಯೇ ಓಡುವುದಿಲ್ಲ. ಹೆದ್ದಾರಿಯಲ್ಲಿ ಓಡುವವುಗಳೆಲ್ಲ ಮಿತಿಯನ್ನು ಮೀರುವ ವೇಗದವಲ್ಲ. ಮೀರುವವುಗಳೆಲ್ಲ ಕಾಯಿದೆಗೆ ತಲೆಬಾಗುವುದೂ ಇಲ್ಲ. ಈ ಮೂರು ಜರಡಿಗಳನ್ನು ದಾಟಿ ಉಳಿದದ್ದೇ ನಿಜವಾದ ಉಳಿತಾಯ.

ಆದರೆ ಯಾರೂ ಮುಖ್ಯವಾಗಿ ಎಣಿಸದೆ ಇದ್ದ ಇನ್ನೊಂದು ಫಲ ಕಾಣಿಸಿತು. ಅಮೆರಿಕದ ರಸ್ತೆಗಳಲ್ಲಿ 1973ರಲ್ಲಿ ಸತ್ತವರು ಸುಮಾರು 54,000 ಮಂದಿ. 1974ರಲ್ಲಿ ಸುಮಾರು 45,000. ಎಣ್ಣೆಯ ಕೊರತೆಯಿಂದ ಓಡಾಟವೇ ಕಡಿಮೆಯಾದದ್ದೂ ಇದಕ್ಕೊಂದು ಕಾರಣವೆಂಬುದು ನಿಜ. ಅದನ್ನು ಕಳೆದ ಮೇಲೆಯೂ ವೇಗಮಿತಿಯೇ ಉಳಿಸಿದ ಜೀವಗಳು ವರ್ಷಕ್ಕೆ ಸಾವಿರಗಳ ಲೆಕ್ಕದಲ್ಲಿದ್ದವು. ಎಣ್ಣೆಗೆಂದು ಬೀಸಿದ ಬಲೆಯಲ್ಲಿ ಪ್ರಾಣಗಳು ಉಳಿದವು.

ಇಲ್ಲಿ ಚರಿತ್ರೆಯ ಒಂದು ಪಾಠವಿದೆ. ಎಣ್ಣೆಯ ಬೆಲೆಯ ಮೇಲೆ ನಿಂತ ಕಾಯಿದೆ ಆ ಬೆಲೆಯೊಡನೆಯೇ ಬೀಳುತ್ತದೆ. ಜರ್ಮನಿಯ ಮಿತಿ ನಾಲ್ಕು ತಿಂಗಳೂ ಬಾಳದೆ 1974ರ ಮಾರ್ಚಿನಲ್ಲಿ ಹೋಯಿತು. ಸ್ಪೇನ್ ದೇಶ 2011ರ ಮಾರ್ಚಿನಲ್ಲಿ 120ರ ಮಿತಿಯನ್ನು 110ಕ್ಕೆ ಇಳಿಸಿ, ಜೂನ್ ಕೊನೆಗೆ ಅದನ್ನು ಕೈಬಿಟ್ಟಿತು. ಅಮೆರಿಕದ ಮಿತಿ ಮಾತ್ರ ಬಹುಕಾಲ ಉಳಿಯಿತು, ಏಕೆಂದರೆ ಅದರ ಬೆಂಬಲಕ್ಕೆ ಪ್ರಾಣಗಳ ಲೆಕ್ಕ ನಿಂತಿತ್ತು. ಅದೂ 1986ರಲ್ಲಿ ತೈಲ ಅಗ್ಗವಾದ ಮರುವರ್ಷ ಸಡಿಲಗೊಂಡು, 1995ರಲ್ಲಿ ರದ್ದಾಯಿತು. 2022ರಲ್ಲಿ ಯುಕ್ರೇನಿನ ಯುದ್ಧದಿಂದ ತೈಲ ದುಬಾರಿಯಾದಾಗ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹತ್ತು ಉಪಾಯಗಳನ್ನು ಸೂಚಿಸಿತು. ಅವುಗಳಲ್ಲಿ ಮೊದಲನೆಯದೇ ಹೆದ್ದಾರಿಯ ವೇಗವನ್ನು ಕನಿಷ್ಠ 10 ಕಿಲೋಮೀಟರ್ ಇಳಿಸುವುದು! ಬಾಯಾರಿದಾಗಲೆಲ್ಲ ಅದೇ ಬಾವಿಯನ್ನು ಮತ್ತೆ ಮೊದಲಿನಿಂದ ತೋಡುವ ಕೆಲಸ ಇದು.

ಇನ್ನು ನಮ್ಮ ನಾಡಿನ ಮಾತು. ಇಲ್ಲಿ ವೇಗದ ಗಾಡಿ ಏರುಗತಿಯಲ್ಲಿಯೇ ಸಾಗಿದೆ. 2018ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಕಾರುಗಳ ಗರಿಷ್ಠ ಮಿತಿಯನ್ನು ಎಕ್ಸ್‌ಪ್ರೆಸ್ ದಾರಿಗಳಲ್ಲಿ 120ಕ್ಕೂ ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಗಳಲ್ಲಿ 100ಕ್ಕೂ ಗೊತ್ತುಮಾಡಿತು. ಸರಕಿನ ವಾಹನಗಳಿಗೆ ಅಲ್ಲಿ 80. ನಮ್ಮಲ್ಲಿ ಡೀಸೆಲ್ಲಿನ ದೊಡ್ಡ ಪಾಲು ಸುಡುವುದು ಲಾರಿ ಬಸ್ಸುಗಳು. ತುಂಬಿದ ಲಾರಿ ಎಂಬತ್ತನ್ನು ಮುಟ್ಟುವುದೇ ಅಪರೂಪ. ಆದ್ದರಿಂದ ಕಾರುಗಳ ಮಿತಿಯನ್ನು ಇಳಿಸಿದರೆ ಬರುವ ಎಣ್ಣೆಯ ಉಳಿತಾಯ ಅಮೆರಿಕದ್ದಕ್ಕಿಂತ ದೊಡ್ಡದಾಗಲಾರದು. ಹನಿಗೂಡಿದರೆ ಹಳ್ಳ ಎಂಬುದು ಸರಿ. ಆದರೆ ಈ ಹಳ್ಳದಿಂದ ದೇಶದ ನೀರಡಿಕೆ ತೀರದು.

ಪ್ರಾಣಗಳ ಲೆಕ್ಕ ಮಾತ್ರ ಬೇರೆಯಾಗಿದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ನೂರಕ್ಕೆ 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ಸರಕಾರದ ವರದಿ ದಾಖಲಿಸಿದೆ. 2024ರ ಜೂನ್ 28ರ ನಸುಕಿನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿಯ ಹತ್ತಿರ, ಇದೇ ಹೆದ್ದಾರಿಯಲ್ಲಿ, ಸವದತ್ತಿಯ ಎಲ್ಲಮ್ಮನ ದರ್ಶನ ಮುಗಿಸಿ ಮರಳುತ್ತಿದ್ದ ಯಾತ್ರಿಕರ ವಾಹನ ನಿಂತ ಲಾರಿಗೆ ಬಡಿದು 13 ಮಂದಿ ತೀರಿಕೊಂಡರು. ಇಂಥ ದುರಂತಗಳಿಗೆ ಒಂದೇ ಕಾರಣವನ್ನು ಹುಡುಕುವುದು ತರವಲ್ಲ. ದಾರಿಯ ಮಗ್ಗುಲಲ್ಲಿ ಲಾರಿ ನಿಲ್ಲುವುದು, ಕತ್ತಲೆ, ನಿದ್ದೆ ಎಲ್ಲವೂ ವಿಚಾರಾರ್ಹವೇ. ಆದರೆ ಯಾವ ಕಾರಣದಿಂದ ತಪ್ಪು ನಡೆದರೂ ಅದಕ್ಕೆ ತೆರಬೇಕಾದ ದಂಡವನ್ನು ನಿರ್ಧರಿಸುವುದು ಆ ಕ್ಷಣದ ವೇಗ.

ಮಿತಿಯನ್ನು ಬರೆದರೆ ಸಾಲದು, ಕಾಯಬೇಕು ಎಂಬುದಕ್ಕೆ ಸಾಕ್ಷಿಯೂ ನಮ್ಮಲ್ಲಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಮೊದಲ ತಿಂಗಳುಗಳಲ್ಲಿ ಸಾವುಗಳು ಹೆಚ್ಚಿದಾಗ, ಪೊಲೀಸರು ನೂರರ ಮಿತಿಯನ್ನು ಯಂತ್ರಗಳಿಂದ ಅಳೆದು ದಂಡ ಹಾಕತೊಡಗಿದರು. ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನೂ ಆಟೋಗಳನ್ನೂ ಮುಖ್ಯ ಪಥದಿಂದ ದೂರವಿಟ್ಟರು. ಸಾವುಗಳು ಇಳಿದವು.

ಹಾಗಾದರೆ ಕಳೆದುಕೊಳ್ಳುವುದೇನು? ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರ್. ನೂರರ ವೇಗದಲ್ಲಿ 42 ನಿಮಿಷ. ಎಂಬತ್ತರಲ್ಲಿ 52 ನಿಮಿಷದ ಮೇಲೆ ಅರ್ಧ. ನಡುವಿನದು ಹತ್ತೂವರೆ ನಿಮಿಷ. ಈ ನಿಮಿಷಗಳನ್ನು ಗಳಿಸುವವನು ಕಾರಿನಲ್ಲಿದ್ದಾನೆ. ಅದರ ಬೆಲೆ ತೆರುವವರಲ್ಲಿ ಹೆದ್ದಾರಿ ದಾಟಿ ಹೊಲಕ್ಕೆ ಹೋಗುವವನಿದ್ದಾನೆ, ಸಂತೆಯ ಬುಟ್ಟಿ ಹೊತ್ತವಳಿದ್ದಾಳೆ, ಬಸ್ಸಿಗೆ ಕಾದು ನಿಂತ ಶಾಲೆಯ ಮಕ್ಕಳಿದ್ದಾರೆ. ಅವರು ವೇಗವನ್ನು ಬಯಸಿದವರಲ್ಲ, ಎಣ್ಣೆಯನ್ನು ಸುಟ್ಟವರೂ ಅಲ್ಲ.

1988ರ ಮೋಟಾರು ವಾಹನ ಕಾಯಿದೆಯ 112ನೆಯ ಕಲಮು ಈ ವಿಷಯದಲ್ಲಿ ನಮಗಿಂತ ವಿವೇಕಿಯಾಗಿದೆ. ಒಂದು ರಸ್ತೆಯಲ್ಲಿ ವೇಗವನ್ನು ಇನ್ನಷ್ಟು ಕಡಿಮೆ ಮಾಡುವ ಅಧಿಕಾರವನ್ನು ಅದು ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಅದಕ್ಕೆ ಹೇಳಿದ ಕಾರಣಗಳು ಜನರ ಸುರಕ್ಷತೆ, ಅನುಕೂಲತೆ ಮತ್ತು ರಸ್ತೆ ಸೇತುವೆಗಳ ಸ್ವರೂಪ. ಎಣ್ಣೆಯ ಹೆಸರು ಅಲ್ಲಿಲ್ಲ. ಊರುಗಳ ಸನಿಹದಲ್ಲಿ, ಅಡ್ಡದಾರಿಗಳು ಕೂಡುವಲ್ಲಿ ಈ ಅಧಿಕಾರವನ್ನು ಬಳಸಿ ಮಿತಿ ಇಳಿಸಬೇಕು, ಲಾರಿಗಳಿಗೆ ನಿಲ್ಲಲು ತಾಣ ಕಟ್ಟಬೇಕು, ಹಾಕಿದ ಮಿತಿಯನ್ನು ಹಗಲಿರುಳು ಕಾಯಬೇಕು. ಅದರಿಂದ ಎಣ್ಣೆ ಉಳಿದರೆ ಅದು ಬೆಳೆಯ ಜೊತೆಗೆ ಬಂದ ಮೇವು ಎಂದುಕೊಳ್ಳೋಣ. ಮೇವಿಗಾಗಿಯೇ ಬಿತ್ತಿದರೆ, ಮೇವು ಅಗ್ಗವಾದ ವರ್ಷ ಹೊಲ ಬೀಳುಬಿಡುತ್ತೇವೆ. ಎಣ್ಣೆಯ ಬೆಲೆ ಏರುತ್ತದೆ, ಇಳಿಯುತ್ತದೆ. ಮನುಷ್ಯನ ಪ್ರಾಣ ಅಗ್ಗವಾಗುವ ವರ್ಷ ಎಂದೂ ಬರಬಾರದು.